ಹಲ್ಲಿನಿಂದ ಹಾಡು ಕೇಳಿದ ಎಡಿಸನ್

ಥಾಮಸ್ ಆಲ್ವಾ ಎಡಿಸನ್ ಎಂದ ಕೂಡಲೇ ನಮ್ಮೆಲ್ಲರ ಕಣ್ಣಮುಂದೆ ಬರುವುದು ವಿದ್ಯುತ್ ದೀಪ. ಪ್ರಬಂಧ ಸ್ಪರ್ಧೆಗಳಲ್ಲಿ, ವಿಜ್ಞಾನ ದಿನಾಚರಣೆಯ ಭಾಷಣಗಳಲ್ಲಿ ಆ ಬಲ್ಬಿನ ಕಥೆಯನ್ನು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಸಂಶೋಧಕನ ಜೀವನ ಚರಿತ್ರೆ ಬರೆದುಕೊಡು ಎಂದು ಗುರುಗಳು ಹೇಳಿದಾಗ ನಾನೂ ಎಡಿಸನ್‌ನನ್ನೇ ಆರಿಸಿಕೊಂಡೆ; ಆದರೆ ಬಲ್ಬನ್ನು ಪಕ್ಕಕ್ಕಿಟ್ಟು. ಸ್ಪೀಕರ್, ಹೆಡ್‌ಫೋನ್, ಆಂಪ್ಲಿಫೈಯರ್ ಎಂದು ಸಂಬಳದ ಒಂದಷ್ಟು ಭಾಗವನ್ನು ಪ್ರತಿ ವರ್ಷ ಕರಗಿಸುವ ನನ್ನಂಥವನಿಗೆ ಎಡಿಸನ್ ಎಂದರೆ ಮೊದಲು ಫೋನೋಗ್ರಾಫಿನ ಎಡಿಸನ್. ಧ್ವನಿಯನ್ನು ಹಿಡಿದಿಟ್ಟು ಮತ್ತೆ ಕೇಳಿಸುವ ಯಂತ್ರವನ್ನು ಲೋಕಕ್ಕೆ ಕೊಟ್ಟ ಈ ಮನುಷ್ಯನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ತನ್ನ ಕಾಲದ ಅತ್ಯುತ್ತಮ ಧ್ವನಿ ಎನ್ನಬಹುದಾದ ಯಂತ್ರವನ್ನು ಮಾಡಿದ ಮೇಲೂ ಅದೇ ವ್ಯಾಪಾರದಲ್ಲಿ ಅವನು ಸೋತ. ಅದು ಹೇಗಾಯಿತು ಎಂಬುದನ್ನು ಹೇಳುವುದಕ್ಕಾಗಿ ಈ ಲೇಖನ.

ಎಡಿಸನ್ ಹುಟ್ಟಿದ್ದು 1847ರ ಫೆಬ್ರವರಿ 11ರಂದು, ಅಮೆರಿಕದ ಒಹಾಯೋ ರಾಜ್ಯದ ಮಿಲಾನ್ ಎಂಬ ಊರಿನಲ್ಲಿ. ಅವನಿಗೆ ಏಳು ವರ್ಷವಾದಾಗ ಕುಟುಂಬ ಮಿಷಿಗನ್ ರಾಜ್ಯದ ಪೋರ್ಟ್ ಹ್ಯೂರನ್‌ಗೆ ಬಂತು. ಶಾಲೆಗೆ ಹೋದದ್ದು ಕೆಲವೇ ತಿಂಗಳು. ಮಗನಿಗೆ ತಲೆ ಓಡುವುದಿಲ್ಲ ಎಂದು ಮೇಷ್ಟ್ರು ತೀರ್ಮಾನಿಸಿದಾಗ, ಹಿಂದೆ ಶಿಕ್ಷಕಿಯಾಗಿದ್ದ ತಾಯಿ ನ್ಯಾನ್ಸಿ ಅವನನ್ನು ಶಾಲೆ ಬಿಡಿಸಿ ಮನೆಯಲ್ಲೇ ಪಾಠ ಹೇಳಿದಳು. (ಶಾಲೆಯ ಸಂಚಿಕೆಯಲ್ಲಿ ಇದನ್ನು ಬರೆಯಬೇಕಾಯಿತಲ್ಲ ಎಂದು ನಗು ಬರುತ್ತಿದೆ. ನಮ್ಮ ಮೇಷ್ಟ್ರುಗಳು ಅಷ್ಟು ಬೇಗ ಯಾರನ್ನೂ ಕೈಬಿಟ್ಟವರಲ್ಲ.) ಹನ್ನೆರಡನೇ ವಯಸ್ಸಿಗೆ ರೈಲಿನಲ್ಲಿ ದಿನಪತ್ರಿಕೆ, ಮಿಠಾಯಿ ಮಾರುವ ಹುಡುಗನಾದ. ಸಾಮಾನು ಡಬ್ಬಿಯ ಒಂದು ಮೂಲೆಯಲ್ಲಿ ರಸಾಯನಶಾಸ್ತ್ರದ ಪ್ರಯೋಗ ಮಾಡಿದ, ಅಲ್ಲಿಯೇ ಒಂದು ಪುಟ್ಟ ಪತ್ರಿಕೆಯನ್ನು ಅಚ್ಚು ಹಾಕಿ ಮಾರಿದ.

ಕಿವಿ ಮಂದವಾದದ್ದು ಈ ವಯಸ್ಸಿನಲ್ಲೇ. ಓಡುವ ರೈಲಿಗೆ ಹತ್ತಲಾಗದೆ ಒದ್ದಾಡುತ್ತಿದ್ದಾಗ ರೈಲಿನವನೊಬ್ಬ ಕಿವಿ ಹಿಡಿದು ಮೇಲೆತ್ತಿಕೊಂಡ, ಆಗ ಒಳಗೆ ಏನೋ ಹರಿದಂತಾಯಿತು ಎಂದು ಎಡಿಸನ್ ದೊಡ್ಡವನಾದ ಮೇಲೆ ಹೇಳುತ್ತಿದ್ದ. ಚಿಕ್ಕಂದಿನಲ್ಲಿ ಬಂದ ಜ್ವರ ಮತ್ತು ಕಿವಿಯ ಸೋಂಕಿನಿಂದ ಆಗಿರಬೇಕು ಎಂಬುದು ಅವನ ಜೀವನ ಬರೆದವರ ಅಭಿಪ್ರಾಯ. ಹೇಗೇ ಆಗಿರಲಿ, ಹಕ್ಕಿಯ ದನಿ ಕೇಳಿದ್ದು ಹನ್ನೆರಡನೇ ವಯಸ್ಸಿನವರೆಗೆ ಮಾತ್ರ ಎಂದು ಅವನೇ ಬರೆದುಕೊಂಡಿದ್ದಾನೆ.

1862ರಲ್ಲಿ ಸ್ಟೇಷನ್ ಮಾಸ್ತರರ ಪುಟ್ಟ ಮಗುವನ್ನು ಬರುತ್ತಿದ್ದ ರೈಲು ಡಬ್ಬಿಯ ಮುಂದಿನಿಂದ ಎಳೆದು ಕಾಪಾಡಿದ. ಆ ತಂದೆ ಕೃತಜ್ಞತೆಯಿಂದ ಅವನಿಗೆ ತಂತಿ ಕಳಿಸುವ ವಿದ್ಯೆ ಕಲಿಸಿದರು. ತಂತಿ ಕಚೇರಿಯಲ್ಲಿ ಕಿವುಡುತನ ಅವನಿಗೆ ಅಡ್ಡಿಯಾಗಲಿಲ್ಲ. ಎಲ್ಲ ಮೇಜುಗಳ ಟಕಟಕ ಸದ್ದಿನ ನಡುವೆ ಅವನಿಗೆ ಕೇಳುತ್ತಿದ್ದದ್ದು ತನ್ನ ಮುಂದಿನ ಯಂತ್ರ ಒಂದೇ. ಅಲ್ಲಿಂದ ಬಾಸ್ಟನ್, ನ್ಯೂಯಾರ್ಕ್ ಎಂದು ಸುತ್ತಿ, ತಂತಿ ಯಂತ್ರಗಳನ್ನು ಸುಧಾರಿಸಿ ಹಣ ಮಾಡಿ, 1876ರಲ್ಲಿ ನ್ಯೂಜೆರ್ಸಿಯ ಮೆನ್ಲೋ ಪಾರ್ಕ್ ಎಂಬ ಹಳ್ಳಿಯಲ್ಲಿ ಪ್ರಯೋಗಶಾಲೆ ಕಟ್ಟಿದ. ಚಾರ್ಲ್ಸ್ ಬ್ಯಾಚಲರ್, ಜಾನ್ ಕ್ರೂಸಿಯಂಥ ಕೈಚಳಕದ ಮೆಕ್ಯಾನಿಕ್‌ಗಳು ಜೊತೆಗಿದ್ದರು. ಎಡಿಸನ್ ಹೆಸರಿನಲ್ಲಿ ಅಮೆರಿಕದಲ್ಲಿ 1,093 ಪೇಟೆಂಟ್‌ಗಳಿವೆ. ಆ ಸಂಖ್ಯೆಯ ಹಿಂದೆ ಇಂಥ ಹಲವರ ಬೆವರಿದೆ.

ಗ್ರಹಾಂ ಬೆಲ್‌ನ ಟೆಲಿಫೋನು ಬಂದ ಹೊಸತು. ಅದರ ದನಿ ತೀರಾ ಕ್ಷೀಣ. ಎಡಿಸನ್‌ಗಂತೂ ಏನೂ ಕೇಳುತ್ತಿರಲಿಲ್ಲ. ಆದ್ದರಿಂದಲೇ ಇಂಗಾಲದ ಗುಂಡಿಯನ್ನು ಬಳಸಿ ಜೋರಾಗಿ ಕೇಳಿಸುವ ಟ್ರಾನ್ಸ್‌ಮಿಟರ್ ತಯಾರಿಸಿದ. ಆ ಪ್ರಯೋಗಗಳಲ್ಲಿ ತೆಳುವಾದ ಪೊರೆಗೆ ಒಂದು ಸೂಜಿ ಸಿಕ್ಕಿಸಿ, ಮಾತನಾಡಿದಾಗ ಅದು ಎಷ್ಟು ಅದುರುತ್ತದೆ ಎಂಬುದನ್ನು ಬೆರಳಿಗೆ ಚುಚ್ಚಿಸಿಕೊಂಡು ಅಳೆಯುತ್ತಿದ್ದ. ಕಿವಿಯ ಕೆಲಸವನ್ನು ಬೆರಳು ಮಾಡುತ್ತಿತ್ತು. ದನಿಗೆ ಸೂಜಿಯನ್ನು ಚುಚ್ಚಿಸುವಷ್ಟು ಬಲವಿದ್ದರೆ, ಆ ಚುಚ್ಚನ್ನು ಯಾವುದಾದರೂ ಮೆತ್ತನೆಯ ವಸ್ತುವಿನ ಮೇಲೆ ಬರೆಸಬಾರದೇಕೆ? ಬರೆದದ್ದರ ಮೇಲೆ ಸೂಜಿಯನ್ನು ಮತ್ತೆ ಎಳೆದರೆ ಅದೇ ಅದುರುವಿಕೆ, ಅಂದರೆ ಅದೇ ದನಿ, ವಾಪಸು ಬರಬೇಕಲ್ಲ?

1877ರ ಕೊನೆಯಲ್ಲಿ ಕ್ರೂಸಿ ಮಾಡಿಕೊಟ್ಟ ಯಂತ್ರ ತುಂಬಾ ಸರಳ. ತಿರುಪಿನ ಗೆರೆಯಿರುವ ಹಿತ್ತಾಳೆಯ ಉರುಳೆ, ಅದಕ್ಕೆ ಸುತ್ತಿದ ತವರದ ಹಾಳೆ, ತಿರುಗಿಸಲು ಒಂದು ಹಿಡಿ, ಎರಡು ಪೊರೆ, ಎರಡು ಸೂಜಿ. ಎಡಿಸನ್ ಹಿಡಿ ತಿರುಗಿಸುತ್ತ ಕುರಿಮರಿಯ ಬಗ್ಗೆ ಇರುವ ಇಂಗ್ಲಿಷ್ ಶಿಶುಗೀತೆಯನ್ನು ಗಟ್ಟಿಯಾಗಿ ಹೇಳಿದ. ಉರುಳೆಯನ್ನು ಮೊದಲಿನ ಜಾಗಕ್ಕೆ ತಂದು ಮತ್ತೆ ತಿರುಗಿಸಿದಾಗ ಯಂತ್ರ ಅದನ್ನೇ ಹೇಳಿತು. ಸುತ್ತ ನಿಂತವರು ಬೆಚ್ಚಿಬಿದ್ದರು. ಮೊದಲ ಪ್ರಯತ್ನದಲ್ಲೇ ಕೆಲಸ ಮಾಡಿದ ಯಂತ್ರ ಕಂಡು ಎಡಿಸನ್‌ಗೂ ದಿಗಿಲು. ಡಿಸೆಂಬರ್ 24ರಂದು ಪೇಟೆಂಟ್‌ಗೆ ಅರ್ಜಿ ಹೋಯಿತು, 1878ರ ಫೆಬ್ರವರಿ 19ರಂದು ಸಿಕ್ಕಿತು. ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ಹೇಯ್ಸ್ ತಡರಾತ್ರಿಯಲ್ಲಿ ಶ್ವೇತಭವನಕ್ಕೆ ಕರೆಸಿಕೊಂಡು ಯಂತ್ರದ ಮಾತು ಕೇಳಿದರು. ಎಡಿಸನ್‌ಗೆ ಆಗ 31 ವರ್ಷ.

ತವರದ ಹಾಳೆಯ ದನಿ ನಾಲ್ಕಾರು ಸಲ ಕೇಳುವಷ್ಟರಲ್ಲಿ ಸವೆದುಹೋಗುತ್ತಿತ್ತು. ಹಾಳೆಯನ್ನು ಬಿಚ್ಚಿದರೆ ಮತ್ತೆ ಹಾಕಲಾಗದು. ಜಾತ್ರೆಯಲ್ಲಿ ಕಾಸು ಕೊಟ್ಟು ನೋಡುವ ಸೋಜಿಗವಾಗಿ ಅದು ಒಂದೆರಡು ವರ್ಷ ಓಡಾಡಿತು, ಅಷ್ಟೆ. ಎಡಿಸನ್ ಅದನ್ನು ಅಲ್ಲಿಗೇ ಬಿಟ್ಟು ವಿದ್ಯುತ್ ದೀಪಕ್ಕೆ ಇಳಿದ. ಆ ಹತ್ತು ವರ್ಷಗಳ ಕಥೆ ನಿಮಗೆ ಗೊತ್ತೇ ಇದೆ.

ಅಷ್ಟರಲ್ಲಿ ಬೆಲ್‌ನ ಪ್ರಯೋಗಶಾಲೆಯವರು ತವರದ ಬದಲು ಮೇಣದ ಮೇಲೆ ಕೊರೆಯುವ ಯಂತ್ರ ಮಾಡಿ, ಸೇರಿ ಕೆಲಸ ಮಾಡೋಣ ಎಂದು ಕೇಳಿಕೊಂಡು ಬಂದರು. ತನ್ನ ಕೂಸನ್ನು ಬೇರೆಯವರು ಎತ್ತಿಕೊಂಡಂತೆ ಎಡಿಸನ್‌ಗೆ ಸಿಟ್ಟು ಬಂತು, ಒಪ್ಪಲಿಲ್ಲ. ವೆಸ್ಟ್ ಆರೆಂಜ್‌ನ ಹೊಸ ಪ್ರಯೋಗಶಾಲೆಯಲ್ಲಿ 1888ರ ಜೂನ್‌ನಲ್ಲಿ ದಿನಗಟ್ಟಲೆ ನಿದ್ದೆಗೆಟ್ಟು ಮೇಣದ ಸಿಲಿಂಡರಿನ ಸುಧಾರಿತ ಫೋನೋಗ್ರಾಫ್ ಮುಗಿಸಿದ. ಯಂತ್ರದ ಪಕ್ಕದಲ್ಲಿ ದಣಿದು, ಕೈಗೆ ತಲೆಯಾನಿಸಿ ಕೂತಿರುವ ಅವನ ಪ್ರಸಿದ್ಧ ಫೋಟೋ ಆಗಿನದು.

ಇಷ್ಟಾದರೂ ಮನೆಗಳಲ್ಲಿ ಹಾಡು ಕೇಳಿಸುವುದೇ ಈ ಯಂತ್ರದ ಮುಖ್ಯ ಕೆಲಸ ಎಂದು ಎಡಿಸನ್‌ ಎಣಿಸಿರಲಿಲ್ಲ. ಕಚೇರಿಯಲ್ಲಿ ಸಾಹೇಬರು ಪತ್ರ ಹೇಳಿ ಬರೆಸುವ ಉಪಕರಣ ಎಂದೇ ಮಾರಲು ಹೊರಟ. ಅದನ್ನು ಸಂಗೀತದ ಕಡೆಗೆ ತಿರುಗಿಸಿದವರು ಗಿರಾಕಿಗಳು. 1889ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಪಾನಗೃಹದಲ್ಲಿ, ನಾಣ್ಯ ಹಾಕಿದರೆ ಒಂದು ಹಾಡು ಕೇಳಿಸುವಂತೆ ಫೋನೋಗ್ರಾಫನ್ನು ಪೆಟ್ಟಿಗೆಯಲ್ಲಿ ಕೂರಿಸಿದರು. ಸಾಲು ನಿಂತಿತು. ಕಚೇರಿಗಳಲ್ಲಿ ಮೂಲೆ ಸೇರಿದ್ದ ಯಂತ್ರ ಪೇಟೆಯಲ್ಲಿ ದುಡಿಯತೊಡಗಿತು. 1896ರಲ್ಲಿ ಎಡಿಸನ್ ನ್ಯಾಷನಲ್ ಫೋನೋಗ್ರಾಫ್ ಕಂಪನಿ ತೆರೆದು, ಕೀಲಿ ಕೊಟ್ಟು ಓಡಿಸುವ ಅಗ್ಗದ ಯಂತ್ರಗಳನ್ನು ಮನೆಮನೆಗೆ ಮಾರಿದ. ನಾವು ಈಗ ಹೋಮ್ ಆಡಿಯೋ ಎನ್ನುವುದರ ಆರಂಭ ಇಲ್ಲಿ.

ಅದೇ ಹೊತ್ತಿಗೆ ಎಮಿಲ್ ಬರ್ಲಿನರ್ ಎಂಬ ಇನ್ನೊಬ್ಬ ಸಂಶೋಧಕ ಉರುಳೆಯ ಬದಲು ಚಪ್ಪಟೆ ತಟ್ಟೆ ಬಳಸುವ ಗ್ರಾಮಾಫೋನ್ ತಂದಿದ್ದ. ಇಂಜಿನಿಯರ್ ಕಣ್ಣಿನಿಂದ ನೋಡಿದರೆ ಎಡಿಸನ್‌ನ ಸಿಲಿಂಡರೇ ಮೇಲು. ಸಿಲಿಂಡರಿನ ಮೇಲೆ ಸೂಜಿ ಮೊದಲಿನಿಂದ ಕೊನೆಯವರೆಗೆ ಒಂದೇ ವೇಗದಲ್ಲಿ ಸಾಗುತ್ತದೆ. ತಟ್ಟೆಯಲ್ಲಿ ಹಾಗಲ್ಲ: ಅಂಚಿನ ಸುತ್ತು ದೊಡ್ಡದು, ಒಳಗಿನ ಸುತ್ತು ಚಿಕ್ಕದು, ಹಾಡು ಕೊನೆಗೆ ಬಂದಂತೆ ಸೂಜಿಯ ಕೆಳಗೆ ಹಾಯುವ ಗೆರೆಯ ವೇಗ ಅರ್ಧಕ್ಕಿಂತ ಕಡಿಮೆಯಾಗಿ ದನಿ ಮಸುಕಾಗುತ್ತದೆ. ಆದರೆ ತಟ್ಟೆಯನ್ನು ಅಚ್ಚಿನಲ್ಲಿ ರೊಟ್ಟಿ ಒತ್ತಿದಂತೆ ಸಾವಿರಗಟ್ಟಲೆ ಒತ್ತಬಹುದು, ಪುಸ್ತಕದಂತೆ ಜೋಡಿಸಿಡಬಹುದು. ಸಿಲಿಂಡರಿಗೆ ಆ ಅನುಕೂಲವಿರಲಿಲ್ಲ. ಆರಂಭದಲ್ಲಿ ಗಾಯಕ ಹಲವು ಯಂತ್ರಗಳ ಮುಂದೆ ನಿಂತು ಒಂದೇ ಹಾಡನ್ನು ದಿನವಿಡೀ ಮತ್ತೆ ಮತ್ತೆ ಹಾಡಬೇಕಿತ್ತು. ಅಚ್ಚಿನ ಸಿಲಿಂಡರ್ ಬಂದದ್ದು 1902ಕ್ಕೆ. ಆ ವೇಳೆಗೆ ತಟ್ಟೆ ಬಹಳ ಮುಂದೆ ಹೋಗಿತ್ತು.

ನಮ್ಮ ಅಜ್ಜ ಅಜ್ಜಿಯರ ಕಾಲದ ನಾಯಿ ಚಿತ್ರದ ಪ್ಲೇಟು ನಿಮ್ಮಲ್ಲಿ ಕೆಲವರ ಅಟ್ಟದ ಮೇಲೆ ಇನ್ನೂ ಇರಬಹುದು. ಕಹಳೆಯ ಮುಂದೆ ಕೂತು ಯಜಮಾನನ ದನಿ ಕೇಳುವ ನಾಯಿ. ಫ್ರಾನ್ಸಿಸ್ ಬರಾಡ್ ಎಂಬ ಕಲಾವಿದ ಈ ಚಿತ್ರವನ್ನು ಮೊದಲು ಬರೆದಾಗ ಆ ನಾಯಿಯ ಮುಂದೆ ಇದ್ದದ್ದು ಸಿಲಿಂಡರ್ ಯಂತ್ರ! ಅಂಥ ಯಂತ್ರ ಮಾರುತ್ತಿದ್ದ ಲಂಡನ್ನಿನ ಕಂಪನಿ ಚಿತ್ರ ಬೇಡವೆಂದಿತು. 1899ರಲ್ಲಿ ಗ್ರಾಮಾಫೋನ್ ಕಂಪನಿಯವರು ಸಿಲಿಂಡರ್ ಅಳಿಸಿ ತಮ್ಮ ಯಂತ್ರ ಬರೆಸಿಕೊಂಡು ಕೊಂಡುಕೊಂಡರು. ಅದೇ ಕಂಪನಿ 1902ರ ನವೆಂಬರ್‌ನಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿತು. ಹಾಡಿನ ಕೊನೆಯಲ್ಲಿ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ಪ್ಲೇಟಿನ ಮೇಲೆ ಹೆಸರು, ಜಾಹೀರಾತಿನಲ್ಲಿ ಫೋಟೋ. ಜನ ಅವರ ಹೆಸರು ಹೇಳಿ ಪ್ಲೇಟು ಕೇಳಿ ಪಡೆದರು. ಅಮೆರಿಕದಲ್ಲಿ ವಿಕ್ಟರ್ ಕಂಪನಿ ಇಟಲಿಯ ಗಾಯಕ ಕರೂಸೋ ಹೆಸರಿನಿಂದ ಇದನ್ನೇ ಮಾಡಿತು.

ಎಡಿಸನ್‌ಗೆ ಈ ಹೆಸರಿನ ವ್ಯಾಪಾರ ಹಿಡಿಸಲಿಲ್ಲ. ಒಳ್ಳೆಯ ದನಿ ಕೊಟ್ಟರೆ ಜನ ಬಂದೇ ಬರುತ್ತಾರೆ, ಯಾರು ಹಾಡಿದರೇನು ಎಂಬುದು ಅವನ ನಂಬಿಕೆ. ಅರುವತ್ತು ದಾಟಿದ ಮೇಲೆ ತಾನೇ ಮುಂದೆ ನಿಂತು ವರ್ಷಗಟ್ಟಲೆ ಪ್ರಯೋಗ ಮಾಡಿಸಿ, 1912ರ ಹೊತ್ತಿಗೆ ಡೈಮಂಡ್ ಡಿಸ್ಕ್ ಎಂಬ ತಟ್ಟೆಯನ್ನು ತಂದ. ಕಾಲು ಇಂಚು ದಪ್ಪ, ಕೈಯಲ್ಲಿ ಹಿಡಿದರೆ ಹೆಂಚಿನ ಭಾರ. ಬೇರೆಯವರ ತಟ್ಟೆಗಳಲ್ಲಿ ಗೆರೆ ಎಡಕ್ಕೂ ಬಲಕ್ಕೂ ಅಂಕುಡೊಂಕಾಗಿ ಸಾಗಿದರೆ, ಇದರಲ್ಲಿ ಗೆರೆಯ ತಳ ನಮ್ಮ ಮಲೆನಾಡಿನ ರಸ್ತೆಯಂತೆ ಏರಿಳಿಯುತ್ತದೆ. ಬೇರೆ ತಟ್ಟೆಗಳನ್ನು ಮಾಡುತ್ತಿದ್ದದ್ದು ಬಹುಪಾಲು ನಮ್ಮ ದೇಶದಿಂದಲೇ ಹೋಗುತ್ತಿದ್ದ ಅರಗಿನಿಂದ. ಎಡಿಸನ್ ತಟ್ಟೆಯ ಮೈಗೆ ಅವನ ರಸಾಯನ ತಜ್ಞ ಜೋನಾಸ್ ಏಲ್ಸ್‌ವರ್ತ್ ತಯಾರಿಸಿದ ಹೊಸ ಬಗೆಯ ಪ್ಲಾಸ್ಟಿಕ್ಕಿನ ಲೇಪ. ಬೇರೆ ಯಂತ್ರಗಳಿಗೆ ಪ್ರತಿ ಹಾಡಿಗೂ ಹೊಸ ಉಕ್ಕಿನ ಸೂಜಿ ಬೇಕು. ಇದಕ್ಕೆ ವಜ್ರದ ಮೊನೆ, ಬದಲಿಸುವ ಗೋಜಿಲ್ಲ. ದನಿ ನಿಚ್ಚಳ. ಇವತ್ತಿಗೂ ಹಳೆಯ ಯಂತ್ರಗಳ ಸಂಗ್ರಾಹಕರು ಆ ಕಾಲದ ಯಂತ್ರಗಳಲ್ಲಿ ಇದನ್ನು ಮೇಲಿನ ಸಾಲಿನಲ್ಲಿ ಇಡುತ್ತಾರೆ.

ಆದರೆ ಎಡಿಸನ್ ಯಂತ್ರದಲ್ಲಿ ಬೇರೆ ಕಂಪನಿಯ ತಟ್ಟೆ ಹಾಕುವಂತಿಲ್ಲ, ಅವನ ತಟ್ಟೆಯನ್ನು ಬೇರೆ ಯಂತ್ರಕ್ಕೆ ಹಾಕುವಂತಿಲ್ಲ. ಒಂದು ಫೋನಿನ ಚಾರ್ಜರ್ ಇನ್ನೊಂದಕ್ಕೆ ಆಗದೆ ಪರದಾಡಿದವರಿಗೆಲ್ಲ ಇದರ ಕಷ್ಟ ಗೊತ್ತು. ಎಡಿಸನ್ ಯಂತ್ರ ಕೊಂಡವನು ಕರೂಸೋ ಹಾಡನ್ನು ಕೇಳಬೇಕೆಂದರೆ ಇನ್ನೊಂದು ಯಂತ್ರ ಕೊಳ್ಳಬೇಕು.

ಹಾಗಾದರೆ ಎಡಿಸನ್ ತಟ್ಟೆಗಳಲ್ಲಿ ಯಾವ ಹಾಡುಗಳಿದ್ದವು? ಇಲ್ಲಿಯೇ ಅವನ ಕಿವಿಯ ಕಥೆ ಮತ್ತೆ ಬರುತ್ತದೆ. ಯಾವ ಗಾಯಕರನ್ನು, ಯಾವ ಹಾಡನ್ನು ತೆಗೆದುಕೊಳ್ಳಬೇಕು ಎಂಬುದನ್ನು ಎಡಿಸನ್ ತಾನೇ ನಿರ್ಧರಿಸುತ್ತಿದ್ದ. ಕಹಳೆಗೆ ಕಿವಿ ಒಡ್ಡುತ್ತಿದ್ದ; ಅದು ಸಾಲದಾದಾಗ ಯಂತ್ರದ ಮರದ ಪೆಟ್ಟಿಗೆಗೆ, ಪಿಯಾನೋದ ಅಂಚಿಗೆ ಹಲ್ಲು ಕಚ್ಚಿ ಹಿಡಿದು ಕೇಳುತ್ತಿದ್ದ. ಕೇಳಲು ವಿಚಿತ್ರವೆನಿಸಿದರೂ ಇದರಲ್ಲಿ ವಿಜ್ಞಾನವಿದೆ. ಹಲ್ಲಿನಿಂದ ದವಡೆಗೆ, ದವಡೆಯಿಂದ ತಲೆಬುರುಡೆಗೆ, ಅಲ್ಲಿಂದ ನೇರ ಒಳಕಿವಿಗೆ ಕಂಪನ ಸಾಗುತ್ತದೆ. ಹೊರಕಿವಿ, ಕಿವಿತಮಟೆಗಳ ಹಂಗಿಲ್ಲ. ಎರಡೂ ಕಿವಿ ಮುಚ್ಚಿಕೊಂಡು, ಬಾರಿಸಿದ ಸ್ಟೀಲ್ ಚಮಚದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ನೋಡಿ, ತಿಳಿಯುತ್ತದೆ. ಈಗ ಅಂಗಡಿಯಲ್ಲಿ ಸಿಗುವ ಬೋನ್ ಕಂಡಕ್ಷನ್ ಹೆಡ್‌ಫೋನ್ ಇದೇ ತತ್ವದ್ದು.

ಹೀಗೆ ಕೇಳುವವನಿಗೆ ದನಿಯ ಸಣ್ಣ ನಡುಕವೂ ಬುರುಡೆಯೊಳಗೆ ದೊಡ್ಡದಾಗಿ ಬಡಿಯುತ್ತಿತ್ತೋ ಏನೋ. ಪಾಶ್ಚಾತ್ಯ ಗಾಯಕರು ಸ್ವರವನ್ನು ಲಘುವಾಗಿ ನಡುಗಿಸಿ ಹಾಡುವುದನ್ನು ಎಡಿಸನ್ ಸಹಿಸುತ್ತಿರಲಿಲ್ಲ. ಹೆಸರಾಂತ ಗಾಯಕರ ಬಗ್ಗೆ ಅವನು ನೋಟ್‌ಬುಕ್ಕುಗಳಲ್ಲಿ ಕಟುವಾಗಿ ಬರೆದಿಟ್ಟಿದ್ದಾನೆ. ಅವನಿಗೆ ಬೇಕಾದದ್ದು ಊರು, ತಾಯಿ, ಅಗಲಿಕೆ ಕುರಿತ ಹಳೆಯ ನೇರ ಭಾವಗೀತೆಗಳು. ಜಾಝ್ ಬಂದಾಗ ಮೂಗು ಮುರಿದ. ಆರಂಭದ ಡೈಮಂಡ್ ಡಿಸ್ಕ್‌ಗಳ ಮೇಲೆ ಗಾಯಕರ ಹೆಸರನ್ನೇ ಹಾಕಿಸಲಿಲ್ಲ. ರಷ್ಯದ ಮಹಾನ್ ಪಿಯಾನೋ ವಾದಕ ರಾಖ್ಮನಿನಾಫ್ 1919ರಲ್ಲಿ ಎಡಿಸನ್ ಕಂಪನಿಗೆ ನುಡಿಸಿದರು, ಮರುವರ್ಷವೇ ವಿಕ್ಟರ್ ಸೇರಿಕೊಂಡರು. ಹೀಗೆ ಒಬ್ಬ ಮಂದಕಿವಿಯವನ ಇಷ್ಟಾನಿಷ್ಟ ಒಂದು ಇಡೀ ಕಂಪನಿಯ ಹಾಡಿನ ಪಟ್ಟಿಯಾಯಿತು. ಕಿವಿ ಕೇಳದಿದ್ದದ್ದು ದೋಷವೆಂದು ನಾನು ಹೇಳುತ್ತಿಲ್ಲ. ಆ ಕಿವಿಯೇ ಅವನಿಂದ ಫೋನೋಗ್ರಾಫ್ ಮಾಡಿಸಿತು. ಕೇಳುವ ಕಿವಿಗಳು ಸುತ್ತ ಬೇಕಾದಷ್ಟಿದ್ದಾಗಲೂ ಅವುಗಳ ಮಾತಿಗೆ ಬೆಲೆ ಕೊಡದಿದ್ದದ್ದು ನನಗೆ ಸರಿಕಾಣುವುದಿಲ್ಲ.

ಯಂತ್ರದ ಗುಣವನ್ನು ಜನರಿಗೆ ತೋರಿಸಲು 1915ರಿಂದ ಹತ್ತು ವರ್ಷ ಊರೂರಲ್ಲಿ ಟೋನ್ ಟೆಸ್ಟ್ ಎಂಬ ಪ್ರದರ್ಶನ ನಡೆಸಿದರು. ವೇದಿಕೆಯ ಮೇಲೆ ಫೋನೋಗ್ರಾಫ್, ಪಕ್ಕದಲ್ಲಿ ಅದೇ ಹಾಡು ಹಾಡಿದ ಗಾಯಕಿ. ಇಬ್ಬರೂ ಸರದಿಯಂತೆ ಹಾಡುವರು. ನಡುವೆ ದೀಪ ಆರಿಸುವರು. ದೀಪ ಬಂದಾಗ ಗಾಯಕಿ ವೇದಿಕೆಯಲ್ಲೇ ಇರುವುದಿಲ್ಲ, ಹಾಡುತ್ತಿರುವುದು ಯಂತ್ರ! ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲೂ ಜನ ಬೆರಗಾಗಿ ಚಪ್ಪಾಳೆ ಹೊಡೆದರು. ಆ ಕಾಲದ ಮುದ್ರಣದಲ್ಲಿ ಮೈಕ್ ಇಲ್ಲ, ವಿದ್ಯುತ್ ಇಲ್ಲ. ಕಹಳೆಯ ಬಾಯಿಗೆ ಹಾಡಿದ ದನಿಯ ಬಲವೇ ಸೂಜಿಯನ್ನು ಕೊರೆಯಬೇಕು. ನಮ್ಮ ಮೃದಂಗದ ತೊಪ್ಪಿಯ ಗುಂಕಾರವಾಗಲಿ ತಾಳದ ಝಣತ್ಕಾರವಾಗಲಿ ಅದರಲ್ಲಿ ಸರಿಯಾಗಿ ಬರುವುದಿಲ್ಲ. ಅಂಥ ದನಿ ನಿಜವಾದ ಕಂಠದಂತೆ ಕೇಳಿಸಿತೆಂದರೆ? ಅದರ ಗುಟ್ಟನ್ನು ಆ ಗಾಯಕಿಯರಲ್ಲಿ ಒಬ್ಬರಾದ ಅನ್ನಾ ಕೇಸ್ ಬಹಳ ವರ್ಷಗಳ ನಂತರ ಹೇಳಿದರು: ತಮ್ಮ ದನಿಯನ್ನೇ ಯಂತ್ರದ ಮಟ್ಟಕ್ಕೆ ತಗ್ಗಿಸಿ ಹಾಡುತ್ತಿದ್ದರಂತೆ. ಕೇಳುಗರು ಮೋಸ ಹೋದರು ಎನ್ನುವುದಕ್ಕಿಂತ, ಅದಕ್ಕಿಂತ ಉತ್ತಮವಾದುದನ್ನು ಅವರ ಕಿವಿ ಇನ್ನೂ ಕೇಳಿರಲಿಲ್ಲ ಎನ್ನುವುದು ನ್ಯಾಯ. ಈಗ ಹೊಸ ಸ್ಪೀಕರ್ ಜಾಹೀರಾತು ಓದುವಾಗಲೆಲ್ಲ ನನಗೆ ಈ ಟೋನ್ ಟೆಸ್ಟ್ ನೆನಪಾಗುತ್ತದೆ.

ಮೊದಲ ಮಹಾಯುದ್ಧದಲ್ಲಿ ಪ್ಲಾಸ್ಟಿಕ್ಕಿಗೆ ಬೇಕಾದ ಫಿನಾಲ್ ಸಿಗದಾಯಿತು. ತಟ್ಟೆಗಳ ಗುಣ ಕುಸಿದು, ಹಾಡಿನ ಹಿಂದೆ ಕೊರಕೊರ ಸದ್ದು ಸೇರಿಕೊಂಡಿತು. ದನಿಯನ್ನೇ ನಂಬಿ ನಿಂತಿದ್ದ ಕಂಪನಿಗೆ ಇದು ದೊಡ್ಡ ಪೆಟ್ಟು. ಆಮೇಲೆ ರೇಡಿಯೋ ಬಂತು. 1925ರಲ್ಲಿ ವಿಕ್ಟರ್, ಕೊಲಂಬಿಯಾ ಕಂಪನಿಗಳು ಮೈಕ್ ಮತ್ತು ಆಂಪ್ಲಿಫೈಯರ್ ಬಳಸಿ ವಿದ್ಯುತ್ ಮುದ್ರಣ ಶುರುಮಾಡಿದವು. ರೇಡಿಯೋ ದನಿ ಎಡಿಸನ್‌ಗೆ ಸುತರಾಂ ಒಪ್ಪಿಗೆಯಾಗಲಿಲ್ಲ. ಮಕ್ಕಳಾದ ಚಾರ್ಲ್ಸ್ ಮತ್ತು ಥಿಯೋಡೋರ್ ಒತ್ತಾಯಿಸಿದರೂ ವರ್ಷಗಟ್ಟಲೆ ತಡೆದ. 1926ರಲ್ಲಿ ಒಂದೇ ತಟ್ಟೆಯಲ್ಲಿ 40 ನಿಮಿಷ ಹಾಡು ಬರುವ ಲಾಂಗ್ ಪ್ಲೇಯಿಂಗ್ ತಟ್ಟೆಯನ್ನೂ ತಂದ. ಕೂದಲೆಳೆಯಂಥ ಗೆರೆಗಳು, ದನಿ ಸಣ್ಣ, ಗೆರೆಯ ಗೋಡೆಗಳು ಬೇಗ ಒಡೆಯುತ್ತಿದ್ದವು. ಅದೂ ಕೈಕೊಟ್ಟಿತು. ಗೆದ್ದ ಎಲ್ಪಿ ಬರಲು ಇನ್ನೂ 22 ವರ್ಷ ಕಾಯಬೇಕಿತ್ತು.

1927ರ ಆಗಸ್ಟ್ 12ರಂದು ಫೋನೋಗ್ರಾಫಿನ ಸುವರ್ಣ ಮಹೋತ್ಸವ ನಡೆಯಿತು. ಎಂಬತ್ತರ ಎಡಿಸನ್ ಅದೇ ಶಿಶುಗೀತೆಯನ್ನು ಮತ್ತೊಮ್ಮೆ ಯಂತ್ರಕ್ಕೆ ಹೇಳಿದ. 1877ರ ತವರದ ಹಾಳೆ ಉಳಿದಿಲ್ಲ. ಎಡಿಸನ್‌ನ ಮೊದಲ ಧ್ವನಿಮುದ್ರಣ ಎಂದು ಇಂಟರ್‌ನೆಟ್ಟಿನಲ್ಲಿ ಹರಿದಾಡುವುದು ಈ ಮಹೋತ್ಸವದ್ದು.

1929ರ ಅಕ್ಟೋಬರ್ ಕೊನೆಯಲ್ಲಿ, ಷೇರುಪೇಟೆ ಕುಸಿದ ಅದೇ ವಾರ, ಎಡಿಸನ್ ಕಂಪನಿ ಹಾಡಿನ ತಟ್ಟೆಗಳ ತಯಾರಿಕೆ ನಿಲ್ಲಿಸಿತು. ಅದಾಗಿ ಮೂರು ತಿಂಗಳೊಳಗೆ, 1930ರ ಜನವರಿ 17ರಂದು, ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದ ಗೌಹರ್ ಜಾನ್ ನಮ್ಮ ಮೈಸೂರಿನಲ್ಲಿ ತೀರಿಕೊಂಡರು. ಎಡಿಸನ್ ಹೋದದ್ದು 1931ರ ಅಕ್ಟೋಬರ್ 18ರಂದು, ವೆಸ್ಟ್ ಆರೆಂಜ್‌ನ ಮನೆಯಲ್ಲಿ. ಅವನಿಗೆ 84 ವರ್ಷವಾಗಿತ್ತು.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸ. ರಾಖ್ಮನಿನಾಫ್ ತಾವೇ ರಚಿಸಿದ ಸಿ ಶಾರ್ಪ್ ಮೈನರ್ ಪ್ರಿಲ್ಯೂಡನ್ನು 1919ರಲ್ಲಿ ಎಡಿಸನ್ ತಟ್ಟೆಗೂ ಆಮೇಲೆ ವಿಕ್ಟರ್ ತಟ್ಟೆಗೂ ನುಡಿಸಿದ್ದಾರೆ. ಎರಡೂ ಈಗ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ನಾಲ್ಕು ನಿಮಿಷದ ಸಂಗೀತ. ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಬೇಡ, ಯಾರದ್ದಾದರೂ ಇಯರ್‌ಫೋನ್ ಕೇಳಿ ಪಡೆದು, ಕಣ್ಣು ಮುಚ್ಚಿಕೊಂಡು ಎರಡನ್ನೂ ಕೇಳಿ. ಯಾವುದು ಹಿಡಿಸಿತು ಎಂದು ಹಳೆಯ ವಿದ್ಯಾರ್ಥಿಗಳ ಸಭೆಗೆ ನಾನು ಬಂದಾಗ ಹೇಳಿ.